ನಿಲುವಳಿ, ಅಮಾನತು, ಹಣದುಬ್ಬರ: ಬೆಲೆ ಏರಿಕೆ ಚರ್ಚೆಯ ಕೆಲವು ಪದಗಳ ಬಗ್ಗೆ

2022ರ ಮುಂಗಾರು ಅಧಿವೇಶನದಲ್ಲಿ ಬೆಲೆ ಏರಿಕೆಯನ್ನು ಕುರಿತು ಸಂಸತ್ತಿನಲ್ಲಿ ನಡೆದ ವಾದವಿವಾದವನ್ನು ಕಾಲೇಜು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ನಿರೂಪಿಸುವ ಕೆಲಸದಲ್ಲಿದ್ದೇನೆ. ಅಧಿವೇಶನ ಆರಂಭವಾದ ಜುಲೈ 18ರಂದೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಹಿಟ್ಟು, ಮೊಸರಿನ ಮೇಲೆ ಶೇ 5ರ ಜಿಎಸ್‌ಟಿ ಜಾರಿಗೆ ಬಂದಿತ್ತು. ಮನೆಖರ್ಚಿನ ಈ ವಿಷಯವನ್ನು ಯಾವ ನಿಯಮದಡಿ ಚರ್ಚಿಸಬೇಕು ಎಂಬ, ಸರ್ಕಾರ ಮತ್ತು ಪ್ರತಿಪಕ್ಷಗಳ ನಡುವಿನ ಜಗ್ಗಾಟದಲ್ಲಿಯೇ ಎರಡು ವಾರ ಕಳೆದವು. ಆ ಎರಡು ವಾರಗಳನ್ನು ಬರೆಯಲು ಕುಳಿತಾಗ ಎದುರಾದ ಪದಗಳ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ನಿಲುವಳಿ ಸೂಚನೆ’. ನನ್ನ ಕರಡನ್ನು ಓದಿದ ವಿದ್ಯಾರ್ಥಿಯೊಬ್ಬ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಪಕ್ಷವು ತನ್ನ ನಿಲುವನ್ನು ಸದನಕ್ಕೆ ಸೂಚಿಸುವುದು’ ಎಂದು ಅರ್ಥ ಬರೆದುಕೊಂಡಿದ್ದ. ಅದು ತಪ್ಪು, ಆದರೆ ಅಸಡ್ಡೆಯ ತಪ್ಪಲ್ಲ. ‘ನಿಲುವು’ ಎಂಬ ಪದ ದಿನವೂ ಕಿವಿಗೆ ಬೀಳುವಾಗ ‘ನಿಲುವಳಿ’ಯನ್ನು ಅದರ ಜತೆಗೇ ಸೇರಿಸಿಕೊಳ್ಳುವುದು ಸಹಜ. ನಿಜಕ್ಕೂ ಇದು ಸಾಗುವಳಿ, ಹಿಡುವಳಿ, ಹುಟ್ಟುವಳಿ, ನಡಾವಳಿಗಳ ಸಾಲಿನ ಪದ. ‘ಸಾಗು’ವುದರಿಂದ ಸಾಗುವಳಿ ಆದಂತೆ ‘ನಿಲ್ಲು’ವುದರಿಂದ ನಿಲುವಳಿ. ಅಂದಿನ ಕಾರ್ಯಕಲಾಪ ಪಟ್ಟಿಯನ್ನು ನಿಲ್ಲಿಸಿ, ತುರ್ತಾದ ಒಂದು ನಿರ್ದಿಷ್ಟ ವಿಷಯವನ್ನು ಮೊದಲು ಎತ್ತಿಕೊಳ್ಳಿ ಎಂಬುದು ಆ ಸೂಚನೆಯ ತಿರುಳು. ಹೊಲಮನೆಯ ಲೆಕ್ಕದ ಹುಟ್ಟುವಳಿಯೂ ಸದನದ ನಡಾವಳಿಯೂ ಒಂದೇ ಅಚ್ಚಿನಲ್ಲಿ ಮೂಡಿದ ಪದಗಳೆಂಬುದನ್ನು ಈ ಕೆಲಸ ಮಾಡುವಾಗಲೇ ನಾನು ಗಮನಿಸಿದ್ದು, ಅದರಿಂದ ನನಗೆ ತುಂಬ ಸಂತೋಷವಾಯಿತು.

ಇದಕ್ಕೆ ಬದಲಾಗಿ ‘ಮುಂದೂಡಿಕೆ ಸೂಚನೆ’ ಎಂದು ಬರೆಯಬಹುದಲ್ಲ ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮುಂದೂಡುವುದು ಸದನವನ್ನು, ನಿಲ್ಲಿಸುವುದು ಕಲಾಪ ಪಟ್ಟಿಯನ್ನು. ಗದ್ದಲವಾದಾಗ ಸಭಾಧ್ಯಕ್ಷರು ಸದನವನ್ನು ಮಧ್ಯಾಹ್ನಕ್ಕೋ ಮರುದಿನಕ್ಕೋ ಮುಂದೂಡುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ನಿಲುವಳಿ ತರುವವರು ಕೇಳುವುದು ಮಾತು ಈಗಲೇ ಆರಂಭವಾಗಲಿ ಎಂದು. ಇಂಗ್ಲಿಷಿನ ‘ಅಡ್ಜರ್ನ್‌ಮೆಂಟ್’ ಎರಡನ್ನೂ ಒಂದೇ ಪದದಲ್ಲಿ ತುಂಬಿಕೊಂಡಿದೆ, ಕನ್ನಡ ಅವನ್ನು ಬೇರ್ಪಡಿಸಿ ಇಟ್ಟುಕೊಂಡಿದೆ. ಇದ್ದ ಭೇದವನ್ನು ನಾವೇ ಅಳಿಸಿಹಾಕಬಾರದು.

ಆದರೆ ಚರ್ಚೆಗೆ ಅಂಟಿದ ನಿಯಮಗಳ ಭೇದವನ್ನು ಹೇಳುವುದರಲ್ಲಿ ನಮ್ಮ ಬರವಣಿಗೆ ಸಡಿಲವಾಗಿದೆ. ಲೋಕಸಭೆಯಲ್ಲಿ ನಿಯಮ 56ರ ನಿಲುವಳಿ ಸೂಚನೆಯಲ್ಲಿ ಸರ್ಕಾರದ ಮೇಲಿನ ಖಂಡನೆಯ ಅಂಶವಿರುತ್ತದೆ, ನಿಯಮ 184ರ ಚರ್ಚೆಯಲ್ಲಿ ಮತದಾನ ಉಂಟು, ನಿಯಮ 193ರ ಅಲ್ಪಾವಧಿ ಚರ್ಚೆಯಲ್ಲಿ ಮತಕ್ಕೆ ಹಾಕುವ ನಿರ್ಣಯವೇ ಇರುವುದಿಲ್ಲ. ಕೊನೆಗೆ ಆಗಸ್ಟ್ 1ರಂದು ಬೆಲೆ ಏರಿಕೆಯನ್ನು ಚರ್ಚಿಸಿದ್ದು 193ರ ಅಡಿಯಲ್ಲಿ. ‘ಸದನದಲ್ಲಿ ಚರ್ಚೆ ನಡೆಯಿತು’ ಎಂದಷ್ಟೇ ಬರೆದರೆ ಎರಡು ವಾರ ಯಾವುದಕ್ಕಾಗಿ ಹಟ ನಡೆದಿತ್ತು ಎಂಬುದೇ ಓದುಗರಿಗೆ ತಿಳಿಯದು. ನಮ್ಮ ವಿಧಾನಸಭೆಯಲ್ಲಿಯೂ ನಿಯಮ 60ರಡಿ ಕೊಟ್ಟ ನಿಲುವಳಿ ಸೂಚನೆ ಎಷ್ಟೋ ಸಲ ಅಲ್ಪಾವಧಿ ಚರ್ಚೆಯ ನಿಯಮ 69ಕ್ಕೆ ಬದಲಾಗುತ್ತದೆ. ಸಂಖ್ಯೆಯನ್ನು ವರದಿ ಮಾಡುವ ನಾವು ಅದರಿಂದ ಏನು ಬದಲಾಯಿತೆಂದು ಬಿಡಿಸಿ ಹೇಳುವುದು ಕಡಿಮೆ. ‘ಮತಸಹಿತ ಚರ್ಚೆ’, ‘ಮತರಹಿತ ಚರ್ಚೆ’ ಎಂದು ಬಳಸಿದರೆ ಹೇಗೆ?

ಎರಡನೆಯದು ‘ಅಮಾನತು’. ರಾಜ್ಯಸಭೆಯಲ್ಲಿ ನಿಲುವಳಿ ಸೂಚನೆಗೆ ಅವಕಾಶವಿಲ್ಲದ ಕಾರಣ ಅಲ್ಲಿ ಪ್ರತಿಪಕ್ಷಗಳು ನಿಯಮ 267ನ್ನು ಹಿಡಿದವು. ಅದರಂತೆ ಅಂದಿನ ಕಲಾಪಕ್ಕೆ ಸಂಬಂಧಿಸಿದ ನಿಯಮವನ್ನು ಅಮಾನತಿನಲ್ಲಿಟ್ಟು ಬೇರೆ ವಿಷಯವನ್ನು ಎತ್ತಿಕೊಳ್ಳಬಹುದು. ಇತ್ತ ಜುಲೈ 25ರಂದು ಲೋಕಸಭೆಯ ನಾಲ್ವರು, ಮರುದಿನ ರಾಜ್ಯಸಭೆಯ 19 ಮಂದಿ ಸದಸ್ಯರೂ ಅಮಾನತಾದರು. ಹೀಗೆ ‘ನಿಯಮದ ಅಮಾನತು ಕೋರಿದ ಸದಸ್ಯರ ಅಮಾನತು’ ಎಂಬ ವಾಕ್ಯ ನನ್ನ ಕರಡಿನಲ್ಲಿ ಬಂದು ಕುಳಿತಿತು, ಎರಡು ಸಲ ಓದಿದರೂ ಯಾರಿಗೆ ಏನಾಯಿತೆಂದು ತಿಳಿಯುವಂತಿರಲಿಲ್ಲ. ಅರಬ್ಬಿಯಿಂದ ಬಂದ ಈ ಪದಕ್ಕೆ ನಂಬಿ ಒಪ್ಪಿಸಿದ ಇಡುಗಂಟು ಎಂಬುದು ಮೂಲಾರ್ಥ. ‘ಅಮಾನತಿನಲ್ಲಿಡು’ ಎಂಬಲ್ಲಿ ಆ ಅರ್ಥದ ನೆರಳು ಇನ್ನೂ ಉಳಿದಿದೆ: ನಿಯಮವನ್ನು ರದ್ದು ಮಾಡುವುದಿಲ್ಲ, ಪಕ್ಕಕ್ಕೆ ಜೋಪಾನವಾಗಿಟ್ಟು ಮತ್ತೆ ಎತ್ತಿಕೊಳ್ಳುತ್ತಾರೆ. ಆದ್ದರಿಂದ ನಿಯಮಕ್ಕೆ ‘ಅಮಾನತಿನಲ್ಲಿಡು’ ಎಂಬುದನ್ನು ಉಳಿಸಿಕೊಂಡು, ಸದಸ್ಯರಿಗೆ ‘ಕಲಾಪದಿಂದ ಹೊರಗಿಡು’ ಎಂದು ಬರೆದಿದ್ದೇನೆ. ಕಾನೂನಿನ ದೃಷ್ಟಿಯಿಂದ ಇದು ಸಾಕೇ ಎಂಬ ಅಳುಕು ನನಗಿದೆ.

ಇನ್ನು ‘ಹಣದುಬ್ಬರ’. ಚಿಲ್ಲರೆ ಹಣದುಬ್ಬರ, ಅಂದರೆ ಗ್ರಾಹಕರು ಕೊಡುವ ಬೆಲೆ ಒಂದು ವರ್ಷದಲ್ಲಿ ಏರಿದ ಪ್ರಮಾಣ, ಆ ವರ್ಷದ ಏಪ್ರಿಲ್‌ನಲ್ಲಿ ಶೇ 7.79 ಇದ್ದದ್ದು ಜೂನ್‌ನಲ್ಲಿ ಶೇ 7.01ಕ್ಕೆ ಬಂತು. ‘ಹಣದುಬ್ಬರ ಇಳಿದಿದೆ’ ಎಂದಾಗ ಬೆಲೆ ಇಳಿಯಿತೆಂದೇ ಬಹಳ ಜನ ತಿಳಿಯುತ್ತಾರೆ, ಏಕೆಂದರೆ ನಮಗೆ ಉಬ್ಬರದ ಜೋಡಿ ಇಳಿತ; ಕಡಲಿನಲ್ಲಿ ಉಬ್ಬರ ಇಳಿದರೆ ನೀರು ಹಿಂದೆ ಸರಿದೇ ಸರಿಯುತ್ತದೆ. ಇಲ್ಲಿ ನೀರು ಇನ್ನೂ ಏರುತ್ತಲೇ ಇರುತ್ತದೆ, ಏರುವ ವೇಗ ಮಾತ್ರ ತುಸು ತಗ್ಗಿರುತ್ತದೆ. ಆಗಸ್ಟ್ 1ರಂದು ಸದಸ್ಯೆಯೊಬ್ಬರು ಸದನದಲ್ಲಿಯೇ ಹಸಿ ಬದನೆಕಾಯಿಯನ್ನು ಕಚ್ಚಿ, ಸಿಲಿಂಡರಿನ ಬೆಲೆಯಿಂದಾಗಿ ತರಕಾರಿಯನ್ನು ಹಸಿಯಾಗಿಯೇ ತಿನ್ನಬೇಕೇ ಎಂದು ಕೇಳಿದರು. ಅವರ ಪ್ರಶ್ನೆ ಬೆಲೆಯ ಮಟ್ಟದ್ದು, ಶೇಕಡಾವಾರು ಅಂಕಿ ಕೊಡುವ ಉತ್ತರ ವೇಗದ್ದು. ‘ಬೆಲೆ ಏರಿಕೆಯ ವೇಗ ತಗ್ಗಿದೆ’ ಎಂದು ಬರೆಯುವುದು ಉದ್ದವಾದರೂ ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಕಡೆಯದಾಗಿ ಒಂದು ಪದ ಬೇಕಾಗಿದೆ. ಕುಟುಂಬದ ಆದಾಯ, ಖರ್ಚು, ಸಾಲ, ಉಳಿತಾಯ ಎಲ್ಲವನ್ನೂ ಒಟ್ಟಾಗಿ ಹೇಳಲು ‘ಕೌಟುಂಬಿಕ ಹಣಕಾಸು’ ಎಂದರೆ ಕಡತದ ವಾಸನೆ ಬರುತ್ತದೆ, ‘ಮನೆಯ ಆಯವ್ಯಯ’ ಎಂದರೆ ಸಾಲ ಹೊರಗೇ ಉಳಿಯುತ್ತದೆ. ‘ಮನೆವಾರ್ತೆ’ ಎಂಬ ಹಳೆಯ ಪದವಿದೆ. ಸಂಸ್ಕೃತದಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯಗಳಿಗೆ ‘ವಾರ್ತಾ’ ಎಂದೇ ಹೆಸರಿದ್ದುದರಿಂದ ಅದು ಅರ್ಥಕ್ಕೆ ಸರಿಯಾಗಿ ಹೊಂದುತ್ತದೆ. ಈಗ ವಾರ್ತೆ ಎಂದರೆ ಸುದ್ದಿ ಎಂಬುದೊಂದೇ ಅಡ್ಡಿ. ‘ಬೆಲೆ ಏರಿಕೆಯಿಂದ ಮನೆವಾರ್ತೆ ಹದಗೆಟ್ಟಿದೆ’ ಎಂದು ಬರೆದರೆ ಇಂದಿನ ವಿದ್ಯಾರ್ಥಿಗೆ ಅರ್ಥವಾದೀತೇ? ನಿಮ್ಮ ಕಡೆ ಈ ಪದ ಇನ್ನೂ ಮಾತಿನಲ್ಲಿದ್ದರೆ ಯಾವ ಅರ್ಥದಲ್ಲಿದೆ ಎಂಬುದನ್ನು ಒಂದು ಉದಾಹರಣೆ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.