ಮೆಮೊರಿ ಕಾಂಪ್ಯಾಕ್ಷನ್ ಶುರುವಾದ ಕೂಡಲೇ ಶೆಲ್ ಡಿ ಸ್ಥಿತಿಗೆ ಹೋಗುತ್ತಿದೆ, ಪೇಜ್ ಲಾಕ್ ಯಾರ ಹತ್ತಿರ ಇದೆ?

ಹನುಮಂತನಗರದಿಂದ:

ಎಲ್ಲರಿಗೂ ನಮಸ್ಕಾರ. ಕಲಿಯೋಣ ಅಂತ ಲಿನಕ್ಸ್ 6.12ಕ್ಕೆ ಒಂದು ಚಿಕ್ಕ ಫೈಲ್‌ಸಿಸ್ಟಮ್ ಮಾಡ್ಯೂಲ್ ಬರೆಯುತ್ತಿದ್ದೇನೆ. ಕ್ಯೂಎಮು (ವರ್ಚುವಲ್ ಯಂತ್ರ, ವಿಎಮ್) ಒಳಗೆ 2 ಜಿಬಿ ಮೆಮೊರಿ ಕೊಟ್ಟು ಓಡಿಸುತ್ತೇನೆ. ಸಾಮಾನ್ಯ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಆದರೆ ಮೆಮೊರಿ ಕಾಂಪ್ಯಾಕ್ಷನ್ (ಪುಟಗಳನ್ನು ಸಾಗಿಸಿ ಖಾಲಿ ಜಾಗ ಒಟ್ಟುಗೂಡಿಸುವುದು) ಶುರುಮಾಡಲು ಪ್ರೋಕ್‌ನಲ್ಲಿರುವ ಕಾಂಪ್ಯಾಕ್ಟ್_ಮೆಮೊರಿಗೆ 1 ಬರೆದ ಕೂಡಲೇ ಆ ಶೆಲ್ ಡಿ ಸ್ಥಿತಿಗೆ (ಎಬ್ಬಿಸಲಾಗದ ಕಾಯುವಿಕೆ) ಹೋಗಿ ಅಲ್ಲೇ ನಿಂತುಬಿಡುತ್ತದೆ. ಬಲವಂತವಾಗಿ ಮುಗಿಸುವ ಕಿಲ್ -9ಕ್ಕೂ ಜಗ್ಗೋದಿಲ್ಲ. 120 ಸೆಕೆಂಡ್ ಆದಮೇಲೆ ಹಂಗ್ ಟಾಸ್ಕ್ ಎಚ್ಚರಿಕೆ ಬರುತ್ತದೆ. ಸ್ಟ್ಯಾಕ್ (ನಿಂತಾಗ ಓಡುತ್ತಿದ್ದ ಫಂಕ್ಷನ್ ಪಟ್ಟಿ) ಹೀಗಿದೆ:

ಫೋಲಿಯೋ_ವೇಟ್_ಬಿಟ್_ಕಾಮನ್
ಮೈಗ್ರೇಟ್_ಪೇಜಸ್_ಬ್ಯಾಚ್
ಮೈಗ್ರೇಟ್_ಪೇಜಸ್
ಕಾಂಪ್ಯಾಕ್ಟ್_ಝೋನ್

6.3ರಲ್ಲಿ ಬ್ಯಾಚ್ ಮೈಗ್ರೇಶನ್ (ಪುಟಗಳನ್ನು ಗುಂಪಾಗಿ ಸಾಗಿಸುವುದು) ಬಂತಲ್ವಾ, ಅದರದ್ದೇ ಡೆಡ್‌ಲಾಕ್ ಇರಬಹುದಾ? ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯುವ ಕರ್ನಲ್ ಸಾಧನ) ಆನ್ ಇದೆ, ಏನೂ ಹೇಳುತ್ತಿಲ್ಲ. ಮೂರು ರಾತ್ರಿ ಇದರಲ್ಲೇ ಹೋಯ್ತು.

ಮಲ್ಲೇಶ್ವರದಿಂದ:

ಲಾಕ್‌ಡೆಪ್ ಇದನ್ನು ಹಿಡಿಯೋದಿಲ್ಲ ಸರ್. ಪೇಜ್ ಲಾಕ್ ಅಂದರೆ ಫ್ಲ್ಯಾಗ್‌ಗಳಲ್ಲಿ ಒಂದೇ ಒಂದು ಬಿಟ್. ಯಾರು ಹಾಕಿದರು ಅಂತ ಎಲ್ಲೂ ಬರೆದಿಟ್ಟಿರುವುದಿಲ್ಲ. ಒಂದು ಟಾಸ್ಕ್ ಹಾಕಿದ ಲಾಕನ್ನು ಡಿಸ್ಕ್ ಓದು ಮುಗಿದಾಗ ಇಂಟರಪ್ಟ್ ಬಂದು ತೆಗೆಯುವುದೂ ಉಂಟು.

ಬ್ಯಾಚ್ ಮೇಲಿನ ಅನುಮಾನ ಸದ್ಯಕ್ಕೆ ಬಿಡಿ. ಸಿಂಕ್ (ಕಾಯಲು ಒಪ್ಪುವ) ಮೋಡ್‌ನಲ್ಲಿ ಕರ್ನಲ್ ಮೊದಲು ಇಡೀ ಗುಂಪನ್ನು ಕಾಯದೆ ಸಾಗಿಸಲು ನೋಡುತ್ತದೆ. ಉಳಿದವನ್ನು ಒಂದೊಂದಾಗಿ ತೆಗೆದುಕೊಂಡು, ಆಗ ಮಾತ್ರ ಲಾಕ್‌ಗೆ ಕಾಯುತ್ತದೆ. ಹತ್ತಾರು ಲಾಕ್ ಕೈಯಲ್ಲಿಟ್ಟುಕೊಂಡು ಇನ್ನೊಂದಕ್ಕೆ ಕಾಯಬಾರದು ಅಂತಲೇ ಹಾಗೆ ಮಾಡಿದ್ದಾರೆ.

ನೀವು ಹಾಕಿರುವುದು ಬಾಗಿಲಲ್ಲಿ ನಿಂತವನ ಸ್ಟ್ಯಾಕ್. ಬೀಗ ಹಾಕಿದವನು ಬೇರೆ. ಸಿಸ್‌ಆರ್‌ಕ್ಯೂ ಡಬ್ಲ್ಯೂ (ನಿಂತ ಟಾಸ್ಕ್ ಪಟ್ಟಿ ತೋರಿಸುವ ಕರ್ನಲ್ ಆದೇಶ) ಕೊಟ್ಟು, ಡಿ ಸ್ಥಿತಿಯಲ್ಲಿ ಇನ್ಯಾರಿದ್ದಾರೆ ನೋಡಿ. ಯಾರೂ ಇಲ್ಲ ಅಂದರೆ ಬೀಗ ಹಾಕಿದವನು ಬೀಗದ ಕೈ ಜೇಬಲ್ಲಿಟ್ಟುಕೊಂಡು ಊರಿಗೆ ಹೋಗಿದ್ದಾನೆ ಅಂತ. ಆಮೇಲೆ ಡಿಆರ್‌ಜಿಎನ್ ಡಿಬಗರ್‌ನಲ್ಲಿ ಆ ಫೋಲಿಯೋ (ಕರ್ನಲ್ ಒಂದಾಗಿ ನೋಡುವ ಪುಟ ಅಥವಾ ಪುಟಗಳ ಗುಂಪು) ತೆರೆದು ಫ್ಲ್ಯಾಗ್, ಮ್ಯಾಪಿಂಗ್ (ಯಾವ ಫೈಲಿನದ್ದು), ಇಂಡೆಕ್ಸ್ (ಫೈಲಿನ ಎಷ್ಟನೇ ಪುಟ, ಸೊನ್ನೆಯಿಂದ ಎಣಿಕೆ) ಮೂರನ್ನೂ ಇಲ್ಲಿ ಹಾಕಿ.

ಹನುಮಂತನಗರದಿಂದ:

ಸಂಜೆ ಮಳೆಗೆ ಕರೆಂಟ್ ಹೋಗಿತ್ತು, ತಡವಾಯ್ತು. ಡಿ ಸ್ಥಿತಿಯಲ್ಲಿ ಬೇರೆ ಯಾರೂ ಇಲ್ಲ. ಫೋಲಿಯೋ ಲಾಕ್ ಆಗಿದೆ, ಅಪ್‌ಟುಡೇಟ್ ಬಿಟ್ (ಓದು ಸರಿಯಾಗಿ ಮುಗಿದ ಗುರುತು) ಇಲ್ಲ. ಮ್ಯಾಪಿಂಗ್ ನನ್ನ ಫೈಲ್‌ಸಿಸ್ಟಮ್‌ನದ್ದೇ, ಇಂಡೆಕ್ಸ್ 2. ಆದರೆ ಆ ಫೈಲಿನಲ್ಲಿ ನಾನು ಓದಿದ್ದು ಮೊದಲ 4096 ಬೈಟ್ ಮಾತ್ರ. ಮೂರನೇ ಪುಟ ಮುಟ್ಟೇ ಇಲ್ಲ! ಇನ್ನೊಂದು, ಹಿನ್ನೆಲೆಯಲ್ಲಿ ತಾನೇ ಕಾಂಪ್ಯಾಕ್ಷನ್ ಮಾಡುವ ಕೆಕಾಂಪ್ಯಾಕ್ಟ್‌ಡಿ ಯಾಕೆ ಸಿಕ್ಕಿಕೊಳ್ಳುತ್ತಿಲ್ಲ?

ಮಲ್ಲೇಶ್ವರದಿಂದ:

ನೀವು ಮುಟ್ಟಿಲ್ಲ, ರೀಡ್‌ಅಹೆಡ್ ಮುಟ್ಟಿದೆ. ಮೊದಲ ಪುಟ ಕೇಳಿದಾಗ ಕರ್ನಲ್ ಮುಂದಿನ ಕೆಲವು ಪುಟಗಳನ್ನೂ ಕ್ಯಾಶ್‌ಗೆ ಸೇರಿಸಿ, ಲಾಕ್ ಹಾಕಿ, ನಿಮ್ಮ ಮಾಡ್ಯೂಲಿನ ಓದುವ ಫಂಕ್ಷನ್ ರೀಡ್_ಫೋಲಿಯೋಗೆ ಕೊಡುತ್ತದೆ. ಲಾಕ್ ತೆಗೆಯುವ ಕೆಲಸ ನಿಮ್ಮದು, ಓದು ಕೆಟ್ಟರೂ ನಿಮ್ಮದೇ. ರೀಡ್‌ಅಹೆಡ್ ದಾರಿಯಲ್ಲಿ ನೀವು ವಾಪಸ್ ಕೊಡುವ ಎರರ್ ಕೋಡನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ.

ಕೆಕಾಂಪ್ಯಾಕ್ಟ್‌ಡಿ ಓಡೋದು ಸಿಂಕ್ ಲೈಟ್ ಮೋಡ್‌ನಲ್ಲಿ. ಲಾಕ್ ಆಗಿರುವ ಪುಟ ಅಪ್‌ಟುಡೇಟ್ ಅಲ್ಲದಿದ್ದರೆ, ಡಿಸ್ಕ್ ಓದು ನಡೀತಿದೆ ಅಂದುಕೊಂಡು ಬಿಟ್ಟು ಮುಂದೆ ಹೋಗುತ್ತದೆ. ನೀವು ಕೈಯಾರೆ 1 ಬರೆದಾಗ ಪೂರ್ತಿ ಸಿಂಕ್. ಅದು ಕಾದೇ ಕಾಯುತ್ತದೆ.

ಒಂದು ಪರೀಕ್ಷೆ ಮಾಡಿ. ವಿಎಮ್ ರೀಬೂಟ್ ಮಾಡಿ, ಆ ಫೈಲನ್ನು ಕ್ಯಾಟ್ ಆದೇಶದಿಂದ ಪೂರ್ತಿ ಓದಿ. ಕಾಂಪ್ಯಾಕ್ಷನ್ ಇಲ್ಲದೆಯೇ ನಿಲ್ಲಬೇಕು. ಆದರೆ ಕ್ಯಾಟ್ ಕಿಲ್ -9ಕ್ಕೆ ಹೋಗುತ್ತದೆ, ಓದುವ ದಾರಿಯಲ್ಲಿ ಕಾಯುವವರನ್ನು ಕಿಲ್ ಮಾಡಬಹುದು.

ಜಯನಗರದಿಂದ:

ನನಗೂ ಹೋದ ವರ್ಷ ಇದೇ ಆಗಿತ್ತು. ರೀಡ್_ಫೋಲಿಯೋದಿಂದ ಹೊರಗೆ ಹೋಗುವ ದಾರಿ ಒಂದೇ ಇರಲಿ, ಅಲ್ಲಿ ಫೋಲಿಯೋ_ಎಂಡ್_ರೀಡ್ ಕರೆಯಿರಿ. ಓದು ಸರಿಯಾಗಿದ್ದರೆ ಅಪ್‌ಟುಡೇಟ್ ಹಾಕುತ್ತದೆ, ಹೇಗಿದ್ದರೂ ಲಾಕ್ ತೆಗೆಯುತ್ತದೆ.

ಹನುಮಂತನಗರದಿಂದ:

ಸಿಕ್ಕಿತು! ಕ್ಯಾಟ್ ನಿಂತಿತು, ಕಿಲ್ -9ಕ್ಕೆ ಹೋಯ್ತು, ನೀವು ಹೇಳಿದ ಹಾಗೇ. ನನ್ನ ರೀಡ್_ಫೋಲಿಯೋದಲ್ಲಿ ಈ ಎರಡು ಸಾಲು ಇತ್ತು:

ಇಫ್ (ಬ್ಲಾಕ್ >= ಒಟ್ಟು_ಬ್ಲಾಕ್)
    ರಿಟರ್ನ್ -ಇಐಒ;

ಅಂದರೆ ಬ್ಲಾಕ್ ನಂಬರ್ ಮಿತಿ ಮೀರಿದರೆ ಎರರ್ ಕೊಟ್ಟು ಅಲ್ಲೇ ಹೊರಗೆ, ಕೆಳಗಿನ ಅನ್‌ಲಾಕ್ ತನಕ ಹೋಗುವುದೇ ಇಲ್ಲ. ಈ ಸಾಲನ್ನು ಕಡಿಮೆ ಅಂದರೂ ಇಪ್ಪತ್ತು ಸಲ ಓದಿದ್ದೆ, ಆದರೆ ಮೈಗ್ರೇಶನ್ ಕೋಡಿನ ಮೇಲೇ ಕಣ್ಣಿಟ್ಟಿದ್ದರಿಂದ ಕಾಣಲಿಲ್ಲ. ರಿಟರ್ನ್ ತೆಗೆದು ಗೋಟೂ ಹಾಕಿದೆ, ಕೊನೆಯಲ್ಲಿ ಫೋಲಿಯೋ_ಎಂಡ್_ರೀಡ್. ಈಗ ಕ್ಯಾಟ್ 8192 ಬೈಟ್ ಕೊಟ್ಟು ಆಮೇಲೆ ಇನ್‌ಪುಟ್ ಔಟ್‌ಪುಟ್ ಎರರ್ ಹೇಳುತ್ತದೆ. ಕಾಂಪ್ಯಾಕ್ಷನ್ ಲೂಪ್ ಒಂದು ಗಂಟೆ ಓಡಿಸಿದೆ, ವಿಎಮ್‌ಸ್ಟ್ಯಾಟ್‌ನಲ್ಲಿ ಪಿಜಿಮೈಗ್ರೇಟ್_ಸಕ್ಸೆಸ್ (ಸಾಗಿಸಿದ ಪುಟಗಳ ಲೆಕ್ಕ) ಏರುತ್ತಲೇ ಇದೆ, ಎಲ್ಲೂ ನಿಂತಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಇನ್ನು ಆ ಮೂರನೇ ಪುಟಕ್ಕೆ ಅಷ್ಟು ದೊಡ್ಡ ಬ್ಲಾಕ್ ನಂಬರ್ ಎಲ್ಲಿಂದ ಬಂತು ಅಂತ ನೋಡಬೇಕು. ಡಿಸ್ಕ್ ಫಾರ್ಮ್ಯಾಟ್ ಮಾಡುವ ನನ್ನ ಎಂಕೆಎಫ್‌ಎಸ್ ಮೇಲೆ ಅನುಮಾನ ಇದೆ. ಇವತ್ತು ರಾತ್ರಿ ಅದನ್ನೇ ತೆರೆಯುತ್ತೇನೆ.