ಕೂಸಿನ ಜತೆ ನೀರಿಗಿಳಿಯುವ ಅಪ್ಪ-ಅಮ್ಮಂದಿರ ಪ್ರಶ್ನೆಗಳಿಗೆ ಈಜು ಕೋಚ್ ಉತ್ತರ

ನಿರ್ವಾಹಕರು: ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಪ್ಪ-ಅಮ್ಮನನ್ನೂ ನೀರಿಗಿಳಿಸಿಕೊಂಡು ಕಲಿಸುವ ಕೋಚ್ ಮೇಡಂ ಇವತ್ತು ಸಂಜೆ 7ರಿಂದ 9ರವರೆಗೆ ನಮ್ಮ ಜತೆ ಇರುತ್ತಾರೆ. ಮಗುವಿನ ವಯಸ್ಸು, ಊರು ಬರೆದು ಪ್ರಶ್ನೆ ಹಾಕಿ. ಫಾರ್ವರ್ಡ್ ಹಾಕಬೇಡಿ.

ಏಳು ತಿಂಗಳ ಮಗಳ ತಾಯಿ, ಬೆಂಗಳೂರು: ನಮಸ್ಕಾರ ಮೇಡಂ. ನಮ್ಮ ಅಪಾರ್ಟ್‌ಮೆಂಟ್ ಪೂಲ್‌ಗೆ ಹೀಟರ್ ಇಲ್ಲ. ಬಿಸಿಲಿದ್ದಾಗ ಮೇಲ್ಗಡೆ ನೀರು ಬೆಚ್ಚಗೇ ಇರುತ್ತೆ. ಇಳಿಸಬಹುದಾ?

ಕೋಚ್: ನಮಸ್ಕಾರ ಅಮ್ಮ. ಮೇಲ್ಗಡೆಯ ನೀರನ್ನು ನಂಬಬೇಡಿ, ಬಿಸಿಲು ಕಾಯಿಸುವುದು ಅಷ್ಟನ್ನೇ. ಥರ್ಮಾಮೀಟರಿಗೆ ದಾರ ಕಟ್ಟಿ ಒಂದು ಮೊಳ ಆಳಕ್ಕೆ ಇಳಿಬಿಡಿ, ಎರಡು ನಿಮಿಷ ತಡೆದು ನೋಡಿ. ಒಂದು ವರ್ಷದೊಳಗಿನ ಕೂಸಿಗೆ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಎರಡು-ಮೂರು ವರ್ಷದವರಿಗೆ 30ಕ್ಕಿಂತ ಕಡಿಮೆ ಬೇಡ. ಮೊದಲ ದಿನ ಹತ್ತೇ ನಿಮಿಷ, ಆಮೇಲೆ ಇಪ್ಪತ್ತು. ಮೂವತ್ತು ದಾಟಿಸಬೇಡಿ. ನಡುಗಿದ ಮೇಲೆ ಎತ್ತಿಕೊಂಡರಾಯಿತು ಅಂತ ಕಾಯಬೇಡಿ. ತೀರಾ ಎಳೆಯ ಕೂಸುಗಳು ಚಳಿಯಾದರೂ ನಮ್ಮ ಹಾಗೆ ನಡುಗುವುದಿಲ್ಲ. ತುಟಿಯ ಸುತ್ತ ನೀಲಿ, ತೊಡೆಯ ಮೇಲೆ ಬಲೆ ಬಲೆಯಾಗಿ ಗೆರೆ, ಮಗು ಇದ್ದಕ್ಕಿದ್ದಂತೆ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಆಚೆ ಬನ್ನಿ. ಟವೆಲ್ ಪೂಲ್ ಅಂಚಿನಲ್ಲೇ ಬಿಡಿಸಿಟ್ಟಿರಬೇಕು.

ಒಂದೂವರೆ ವರ್ಷದ ಅವಳಿಗಳ ತಾಯಿ, ಮಂಗಳೂರು: ಇಳಿಸೋ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಚರ್ಮ ಒಣಗಲ್ಲ ಅಂತಾರೆ. ಕಿವಿಗೂ ಎರಡು ಹನಿ ಬಿಟ್ಟರೆ ನೀರು ಹೋಗಲ್ವಂತೆ?

ಕೋಚ್: ಎರಡೂ ಬೇಡ. ಎಣ್ಣೆ ಹಚ್ಚಿದ ಕೂಸು ನೀರಿನಲ್ಲಿ ಸಾಬೂನಿನ ಹಾಗೆ ಕೈಯಿಂದ ಜಾರುತ್ತದೆ. ಕಂಕುಳಡಿ ಹಿಡಿದ ಬೆರಳು ನಿಲ್ಲುವುದೇ ಇಲ್ಲ. ಚರ್ಮಕ್ಕೆ ಬೇಕಾದದ್ದನ್ನು ಈಜಾದ ಮೇಲೆ, ಒಳ್ಳೆ ನೀರಿನಲ್ಲಿ ಮೈ ತೊಳೆದು ಹಚ್ಚಿ. ಕಿವಿಗೆ ಎಣ್ಣೆ, ಬೆಳ್ಳುಳ್ಳಿ ಕಾಸಿದ ಎಣ್ಣೆ, ಬಡ್ಸ್ ಯಾವುದೂ ಬೇಡ. ತಲೆ ಓರೆ ಮಾಡಿ ನೀರು ಇಳಿಯಲು ಬಿಡಿ, ಹೊರಕಿವಿಯನ್ನು ಬಟ್ಟೆಯಿಂದ ಒತ್ತಿ ಒರೆಸಿ. ಕಿವಿ ಸೋರುತ್ತಿದ್ದರೆ ವೈದ್ಯರು ಸರಿ ಅನ್ನುವವರೆಗೆ ಪೂಲ್ ಬೇಡ.

ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ನೀರಿನಲ್ಲಿರಬೇಕು. ಒಬ್ಬರೇ ಎರಡು ಮಕ್ಕಳನ್ನು ಇಳಿಸಬೇಡಿ.

ಹನ್ನೊಂದು ತಿಂಗಳ ಮಗನ ತಂದೆ, ತುಮಕೂರು: ನೀರು ಎಷ್ಟು ಬೆಚ್ಚಗಿರಬೇಕು ಮೇಡಂ?

ಕೋಚ್: 32. ಮೇಲೆ ಬರೆದಿದ್ದೇನೆ.

ಎರಡು ವರ್ಷದ ಮಗನ ತಾಯಿ, ಮೈಸೂರು: ಪೂಲ್ ಹತ್ರ ಹೋದ್ರೆ ಕ್ಲೋರಿನ್ ವಾಸನೆ ಗಪ್ ಅಂತ ಹೊಡೆಯುತ್ತೆ. ಅಂದ್ರೆ ನೀರು ಕ್ಲೀನ್ ಇದೆ ಅಂತ ತಾನೇ? ಲೂಸ್ ಮೋಷನ್ ಇದ್ದಾಗ ಸ್ವಿಮ್ ಡೈಪರ್ ಹಾಕಿ ಇಳಿಸಬಹುದಾ?

ಕೋಚ್: ಘಾಟು ಜಾಸ್ತಿ ಅಂದರೆ ನೀರು ಚೊಕ್ಕವಾಗಿದೆ ಅಂತಲ್ಲ. ಬೆವರು, ಮೂತ್ರದ ಜತೆ ಕ್ಲೋರಿನ್ ಬೆರೆತು ಆದ ಕ್ಲೋರಮಿನ್ ಕೊಡುವ ವಾಸನೆ ಅದು. ನೋಡಿಕೊಳ್ಳುವವರ ಹತ್ತಿರ ಅವತ್ತಿನ ರೀಡಿಂಗ್ ಕೇಳಿ. ಫ್ರೀ ಕ್ಲೋರಿನ್ (ಕೊಳೆಯ ಜತೆ ಬೆರೆಯದೆ ಉಳಿದ ಕ್ಲೋರಿನ್) 1ರಿಂದ 3 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8 ಇರಬೇಕು. ರೀಡಿಂಗ್ ಬರೆದಿಡುವ ಪುಸ್ತಕವೇ ಇಲ್ಲ ಅಂದರೆ ಆ ಪೂಲ್ ಬಿಡಿ.

ಭೇದಿ ಇದ್ದಾಗ ಇಳಿಸಲೇಬೇಡಿ. ಸ್ವಿಮ್ ಡೈಪರ್ ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ನೀರು ಭೇದಿಯನ್ನು ತಡೆಯುವುದಿಲ್ಲ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರೋಪಜೀವಿ ಕ್ಲೋರಿನ್ ಸರಿಯಾಗಿರುವ ನೀರಿನಲ್ಲೂ ವಾರಕ್ಕೂ ಮೀರಿ ಬದುಕುತ್ತದೆ.

ಹತ್ತು ತಿಂಗಳ ಮಗನ ತಂದೆ, ಹುಬ್ಬಳ್ಳಿ: ಮೇಡಂ, ವಿಡಿಯೋ ನೋಡಿ ಹುಡುಗನ ಮಾರಿ ಮ್ಯಾಲೆ ಊದಿ ನೀರಾಗ ಮುಳುಗಿಸೋದು ಮಾಡ್ತೀವ್ರಿ. ಇವತ್ತ ಮುಕ್ಕಾಲು ತಾಸು ನೀರಾಗ ಇದ್ದ, ಹದಿನೈದಿಪ್ಪತ್ತು ಸಲ ಮುಳುಗಿಸಿರಬೇಕು. ಮನಿಗೆ ಬಂದ ಮ್ಯಾಲೆ ಹೊಟ್ಟಿ ಉಬ್ಬೇತಿ, ಎರಡ ಸಲ ವಾಂತಿ ಆತು. ತಿಳಿ ನೀರಿನಂಗ ಉಚ್ಚಿ ಹೊಯ್ಯಾಕತ್ತಾನ. ಎಬ್ಬಿಸಿದ್ರೂ ಕಣ್ಣ ಮುಚ್ಚಾಕತ್ತಾನ. ದಣದಾನ, ಅಜವಾನ ನೀರು ಕುಡಿಸು ಅಂತಾಳ ನಮ್ಮವ್ವ. ಕುಡಿಸಲೇನ್ರಿ?

ಕೋಚ್: ಬೇಡ. ಒಂದು ಹನಿ ನೀರೂ ಬೇಡ. ಈಗಲೇ ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108. ಒಣ ಬಟ್ಟೆ ಸುತ್ತಿ ಬೆಚ್ಚಗಿಡಿ, ದಾರಿಯಲ್ಲಿ ಒಂದು ಮಗ್ಗುಲಿಗೆ ಮಲಗಿಸಿಕೊಳ್ಳಿ. "ಪೂಲ್ ನೀರು ಕುಡಿದಿದೆ, 45 ನಿಮಿಷ ನೀರಿನಲ್ಲಿತ್ತು, ಇಪ್ಪತ್ತು ಸಲ ಮುಳುಗಿದೆ, ಸೋಡಿಯಂ ನೋಡಿ" ಅಂತ ವೈದ್ಯರಿಗೆ ಹೇಳಿ. ಕೈಕಾಲು ಸೆಟೆದರೆ ಬಾಯಿಗೆ ಏನನ್ನೂ ಇಡಬೇಡಿ. ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡಿ, ಆಸ್ಪತ್ರೆ ಸೇರಿದ ಮೇಲೆ ಒಂದು ಸಾಲು ಹಾಕಿ.

ಹಿರಿಯ ಸದಸ್ಯರು, ತೀರ್ಥಹಳ್ಳಿ: ಸುಮ್ಮನೆ ಹೆದರಿಸ್ತಾ ಇದೀರಿ. ನಮ್ಮ ಕಡೆ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ಳೋದು. ಎಲ್ಲರೂ ಕಲಿತಿದ್ದಾರೆ.

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ: ಬುರುಡೆ ಕಟ್ಟಿ ಇಳಿಸ್ತಿದ್ದದ್ದು ಎಂಟು ಹತ್ತು ವರ್ಷದ ಹುಡುಗರನ್ನ ಸರ್, ಹತ್ತು ತಿಂಗಳ ಕೂಸನ್ನಲ್ಲ. ಮೇಲೆ ಹಗ್ಗ ಹಿಡಿದು ಒಬ್ಬರು ನಿಂತಿರ್ತಿದ್ರು. ಎಲ್ಲರೂ ಕಲಿತರು ಅಂತೀರಿ, ಬಾವಿಯಿಂದ ಮೇಲೆ ಬರದೇ ಹೋದ ಮಕ್ಕಳ ಲೆಕ್ಕ ಯಾರು ಇಟ್ಟಿದ್ದಾರೆ? ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿ ನೋಡಿ. 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅದರಲ್ಲಿ ನಾಲ್ಕರಲ್ಲಿ ಒಂದು ಪಾಲು ಐದು ವರ್ಷದೊಳಗಿನ ಮಕ್ಕಳು.

ಹಿರಿಯ ಸದಸ್ಯರು, ತೀರ್ಥಹಳ್ಳಿ: ಈಜು ಬಾರದೇ ಇದ್ದದ್ದಕ್ಕೇ ಸತ್ತಿದ್ದು. ಅದಕ್ಕೇ ಬೇಗ ಕಲಿಸಿ ಅನ್ನೋದು ನಾನು.

ಕೋಚ್: ಇಬ್ಬರೂ ನಿಲ್ಲಿಸಿ. ಹುಬ್ಬಳ್ಳಿಯ ಮಗುವಿಗೆ ಆಗಿರುವುದನ್ನು ಎಲ್ಲರೂ ಓದಿ.

ಮುಖಕ್ಕೆ ಊದಿದರೆ ಕೂಸು ಒಂದು ಕ್ಷಣ ಉಸಿರು ಹಿಡಿಯುತ್ತದೆ. ನೀರು ತಾಗಿದಾಗ ಗಂಟಲೂ ಮುಚ್ಚಿಕೊಳ್ಳುತ್ತದೆ. ಇದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ, ಆರು ತಿಂಗಳ ಹೊತ್ತಿಗೆ ಕುಗ್ಗುತ್ತಾ ಬರುತ್ತದೆ. ಶ್ವಾಸನಾಳಕ್ಕೆ ನೀರು ಹೋಗದಿದ್ದರೂ ಮಗು ನೀರು ನುಂಗುವುದನ್ನು ಇದು ತಡೆಯುವುದಿಲ್ಲ. ಪ್ರತಿ ಮುಳುಗಿನಲ್ಲೂ ಒಂದು ಗುಟುಕು ಹೊಟ್ಟೆಗೆ ಹೋಗುತ್ತದೆ. ಮಗು ಅಳುವುದಿಲ್ಲ, ಕೆಮ್ಮುವುದಿಲ್ಲ, ಆದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಅಷ್ಟು ನೀರನ್ನು ಬೇಗ ಹೊರಹಾಕುವ ಶಕ್ತಿ ಎಳೆಯ ಮೂತ್ರಪಿಂಡಕ್ಕೆ ಇಲ್ಲ. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗುತ್ತದೆ, ನೀರು ಮಿದುಳಿನ ಜೀವಕೋಶಗಳಿಗೆ ನುಗ್ಗಿ ಮಿದುಳು ಊದಿಕೊಳ್ಳುತ್ತದೆ. ಮೊದಲು ಕಿರಿಕಿರಿ, ವಾಂತಿ, ಆಮೇಲೆ ಮಂಪರು, ಕೊನೆಗೆ ಫಿಟ್ಸ್. ಮುಖ ಊದುವುದು, ಮೈ ತಣ್ಣಗಾಗುವುದೂ ಉಂಟು. ಇದನ್ನು ದಣಿವಿನ ನಿದ್ದೆ ಅಂದುಕೊಂಡು ಅಜವಾನವೋ ಜೀರಿಗೆಯೋ ಹಾಕಿದ ನೀರು ಕುಡಿಸಿದರೆ ಇನ್ನಷ್ಟು ತೆಳು ಮಾಡಿದಂತೆ. ದಣಿದ ಮಗು ಎಬ್ಬಿಸಿದರೆ ನಿಮ್ಮ ಮುಖ ನೋಡುತ್ತದೆ. ಈ ಮಗು ನೋಡುತ್ತಿಲ್ಲ.

ಒಂದು ವರ್ಷದೊಳಗೆ ಮುಳುಗಿಸಿ ಕಲಿಸುವಂಥದ್ದು ಏನೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ಈಜು ಪಾಠದಿಂದ ಮುಳುಗುವ ಅಪಾಯ ತಗ್ಗಬಹುದಾದದ್ದು 1 ವರ್ಷದ ಮೇಲೆ, ಅದರೊಳಗಿನ ಕೂಸಿಗೆ ತಗ್ಗುತ್ತದೆ ಅನ್ನಲು ಆಧಾರವಿಲ್ಲ. ಮೊದಲ ವರ್ಷ ಮಾಡಬೇಕಾದದ್ದು ಇಷ್ಟು. ನಿಮ್ಮ ಹೆಗಲು ನೀರಿನ ಮಟ್ಟಕ್ಕೆ ಬರುವಷ್ಟು ಬಗ್ಗಿ, ಮಗುವಿನ ಮುಖ ನಿಮ್ಮ ಮುಖಕ್ಕೆ ಎದುರಿರಲಿ, ಎರಡೂ ಕಂಕುಳಡಿ ಹಿಡಿದು ಹಿಂದಕ್ಕೆ ನಡೆಯಿರಿ. ಆಮೇಲೆ ಮಗುವಿನ ತಲೆಯನ್ನು ನಿಮ್ಮ ಹೆಗಲ ಮೇಲೆ ಒರಗಿಸಿ, ಬೆನ್ನಡಿ ಅಂಗೈ ಕೊಟ್ಟು ಅಂಗಾತ ತೇಲಿಸಿ, ಕಿವಿ ನೀರಿನೊಳಗೆ ಹೋಗಲಿ. ಕೊನೆಗೆ "ಒಂದು, ಎರಡು, ಮೂರು" ಹೇಳಿ ಚಿಕ್ಕ ಲೋಟದಿಂದ ನೆತ್ತಿಯ ಹಿಂದಿನಿಂದ ನೀರು ಸುರಿಯಿರಿ. ಲೆಕ್ಕ ಪ್ರತಿ ಸಲವೂ ಒಂದೇ ಥರ ಇರಬೇಕು. ಕೆಲವು ವಾರದಲ್ಲಿ "ಮೂರು" ಅನ್ನುವಷ್ಟರಲ್ಲಿ ಮಗು ತಾನೇ ಕಣ್ಣು ಮುಚ್ಚಿ ಬಾಯಿ ಬಿಗಿಯುತ್ತದೆ. ಆದರೂ ಮೊದಲ ವರ್ಷ ಮುಖ ಮುಳುಗಿಸುವ ಮಾತೇ ಬೇಡ.

ಆರು ತಿಂಗಳ ಮಗಳ ತಾಯಿ, ಉಡುಪಿ: ಕುತ್ತಿಗೆಗೆ ಹಾಕೋ ಟ್ಯೂಬ್ ತಗೊಂಡಿದೀನಿ. ಟಬ್‌ನಲ್ಲಿ ಬಿಟ್ಟು ಅಡುಗೆ ನೋಡ್ಕೋಬಹುದು ಅಂತ ರಿವ್ಯೂನಲ್ಲಿದೆ.

ಕೋಚ್: ಅದನ್ನು ಕತ್ತರಿಸಿ ಎಸೆಯಿರಿ, ಇನ್ನೊಬ್ಬರಿಗೆ ಕೊಡಬೇಡಿ. ಗಾಳಿ ಇಳಿದರೆ ಗದ್ದ ತೂತಿನೊಳಗೆ ಜಾರುತ್ತದೆ, ಮಗು ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಟಬ್‌ನಲ್ಲಿ ಮಗು ಇರುವಾಗ ಬಾಗಿಲಿಗೂ ಹೋಗಬಾರದು. ಕರೆಗಂಟೆ ಬಾರಿಸಿದರೆ ಮಗುವನ್ನು ಎತ್ತಿಕೊಂಡೇ ಹೋಗಿ.

ಒಂಬತ್ತು ತಿಂಗಳ ಮಗನ ತಾಯಿ, ಬೆಂಗಳೂರು: ಮೇಡಂ, ಮಗನಿಗೆ ಎಕ್ಸಿಮಾ ಇದೆ. ಕ್ಲೋರಿನ್‌ನಿಂದ ಜಾಸ್ತಿ ಆಗುತ್ತಾ?

ಎರಡೂವರೆ ವರ್ಷದ ಮಗಳ ತಂದೆ, ಬೆಳಗಾವಿ: ತೋಳಿಗೆ ಗಾಳಿ ಬ್ಯಾಂಡ್ ಕಟ್ಟಿದ್ರ ನಾಲ್ಕು ತಿಂಗಳಿಂದ ಚೊಲೋ ಈಜತಾಳ್ರಿ. ಬಿಚ್ಚಿದ ಕೂಡಲೇ ಕಲ್ಲಿನಂಗ ಮುಳುಗತಾಳ. ಯಾಕ್ರಿ?

ಕೋಚ್: ಈಜುತ್ತಿಲ್ಲ, ನಿಂತಿದ್ದಾಳೆ. ಬ್ಯಾಂಡ್ ಎರಡೂ ತೋಳನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ದೇಹ ಕಂಬದ ಹಾಗೆ ನೆಟ್ಟಗಾಗುತ್ತದೆ, ಕಾಲು ಸೈಕಲ್ ತುಳಿಯುತ್ತದೆ. ನಾಲ್ಕು ತಿಂಗಳು ಅವಳ ಮೈ ಕಲಿತದ್ದು ಇದನ್ನೇ. ಬಿಚ್ಚಿದಾಗಲೂ ಅದನ್ನೇ ಮಾಡುತ್ತಾಳೆ, ಅದಕ್ಕೇ ಮುಳುಗುತ್ತಾಳೆ. ಇನ್ನೂ ದೊಡ್ಡ ಅಪಾಯವಿದೆ. ತನಗೆ ಈಜು ಬರುತ್ತದೆ ಅಂತ ಅವಳು ನಂಬಿದ್ದಾಳೆ. ಬ್ಯಾಂಡ್ ಇಲ್ಲದ ದಿನವೂ ಓಡಿ ಬಂದು ಹಾರುತ್ತಾಳೆ. ಇವತ್ತಿನಿಂದಲೇ ಕೈಗೆಟಕುವ ದೂರ ಬಿಟ್ಟು ಆಚೆ ಹೋಗಬೇಡಿ.

ಬ್ಯಾಂಡಿನ ಗಾಳಿ ಸ್ವಲ್ಪ ಸ್ವಲ್ಪ ಇಳಿಸುವುದು ಬೇಡ, ಪೂರ್ತಿ ಬಿಡಿಸಿ. ಅವಳ ಹೊಟ್ಟೆ ಮಟ್ಟದ ನೀರಿನಿಂದ ಶುರು ಮಾಡಿ. ಅಂಗೈ ನೆಲಕ್ಕೆ ಊರಿ ಮೊಸಳೆಯ ಹಾಗೆ ಕೈಯಲ್ಲಿ ನಡೆಯಲಿ, ಕಾಲು ಹಿಂದೆ ತೇಲಲಿ. ದೇಹ ಅಡ್ಡಡ್ಡ ತೇಲುವುದು ಹೇಗಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ಬಾಯಿಂದ ಗುಳ್ಳೆ ಬಿಡುವುದನ್ನೂ ಅಲ್ಲೇ ಕಲಿಸಿ. ಉಸಿರು ಬಿಡಲು ಬಂದ ಮೇಲೆ ಮುಖವಿಡಲಿ, ಎರಡು ಸೆಕೆಂಡು ಸಾಕು. ಆಮೇಲೆ ನಿಮ್ಮಿಂದ ಗೋಡೆಗೆ ಒಂದು ಮೀಟರ್ ಜಾರಿಸಿ. ಕಾಲು ಸೊಂಟದಿಂದ ಬಡಿಯಬೇಕು, ಮಂಡಿಯಿಂದ ಅಲ್ಲ. ಗೋಡೆ ಹಿಡಿದ ಮೇಲೆ ಕೈ ಬದಲಿಸುತ್ತಾ ಪಕ್ಕಕ್ಕೆ ಸಾಗಲಿ. ಪ್ರತಿ ದಿನ ಕೊನೆಗೆ ಅವಳೇ ಹತ್ತಿ ಬರಬೇಕು: ಮೊಣಕೈ, ಮೊಣಕೈ, ಹೊಟ್ಟೆ, ಮಂಡಿ. ನೀವು ಎತ್ತಿ ಆಚೆ ಇಡಬೇಡಿ, ಹಿಂದೆ ಕೈ ಕೊಟ್ಟು ನಿಲ್ಲಿ. ಕಾಲು ಜಾರಿ ಬಿದ್ದರೆ ತಿರುಗಿ ಅಂಚು ಹಿಡಿದು ಹತ್ತುವುದು ಎಲ್ಲ ಸ್ಟ್ರೋಕ್‌ಗಳಿಗಿಂತ ಮೊದಲು ಬರಬೇಕಾದ ಪಾಠ. ಮೊದಲ ವಾರಗಳಲ್ಲಿ ಬ್ಯಾಂಡ್ ಕೇಳಿ ಅಳುತ್ತಾಳೆ. ಬಲವಂತ ಮಾಡಬೇಡಿ, ಬ್ಯಾಂಡನ್ನೂ ವಾಪಸ್ ಕೊಡಬೇಡಿ, ಮೆಟ್ಟಿಲ ಮೇಲೆ ಕೂತು ಆಟ ಆಡಿ.

ಸದಸ್ಯರು, ಬೆಂಗಳೂರು: ತಿಂಗಳ ಫೀಸ್ ಎಷ್ಟು ಮೇಡಂ?

ಎರಡು ವರ್ಷದ ಮಗನ ತಾಯಿ, ಚಿತ್ರದುರ್ಗ: ತೋಟದಲ್ಲಿ ಕೃಷಿ ಹೊಂಡ ಇದೆ, ಪ್ಲಾಸ್ಟಿಕ್ ಹಾಳೆ ಹಾಕಿದೆ. ಈಜು ಕಲಿಸಿಬಿಟ್ರೆ ಭಯ ಇಲ್ಲ ಅಲ್ವಾ?

ಕೋಚ್: ಭಯ ಇದ್ದೇ ಇರುತ್ತದೆ ಅಮ್ಮ. ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬರುವ ಗಂಡಸರೂ ಹತ್ತಿ ಬರಲಾರರು, ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಮಗು ಹತ್ತಲಾಗದಂಥ, ಕನಿಷ್ಠ ನಾಲ್ಕು ಅಡಿ ಎತ್ತರದ ಬೇಲಿ ನಾಲ್ಕೂ ಕಡೆ ಹಾಕಿಸಿ. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮೇಲಿರಬೇಕು. ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ, ಎರಡು ಕಡೆ. ಗಾಳಿ ತುಂಬಿದ ಟೈರ್ ಟ್ಯೂಬ್ ಒಂದು ಹಗ್ಗ ಸಮೇತ ದಡದಲ್ಲಿರಲಿ. ಪಟ್ಟಣದವರೂ ಕೇಳಿಸಿಕೊಳ್ಳಿ, ಸಂಪಿನ ಮುಚ್ಚಳ ಮತ್ತು ಬಚ್ಚಲಿನ ಬಕೆಟ್ ಕೂಡ ಇದೇ ಲೆಕ್ಕ. ತಲೆಭಾರದ ಮಗು ಅರ್ಧ ಬಕೆಟ್ ನೀರಿಗೆ ಬಗ್ಗಿ ಬಿದ್ದರೆ ಮೇಲೇಳಲಾರದು.

ಸದಸ್ಯರು, ರಾಯಚೂರು: ಫಾರ್ವರ್ಡ್ ಬಂದದ್ದು: ನೀರಿಗೆ ಬಿದ್ದ ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸಿ. ಪ್ರಾಣ ಹೋಗಿದ್ದರೂ ಉಪ್ಪಿನಲ್ಲಿ ಮುಚ್ಚಿಟ್ಟರೆ ಬದುಕುತ್ತದೆ. ಎಲ್ಲರಿಗೂ ಕಳಿಸಿ.

ಕೋಚ್: ಅಳಿಸಿ ಇದನ್ನು. ಇಂಥ ಸಂದೇಶ ನಂಬಿ ಕರ್ನಾಟಕದಲ್ಲೇ ತೀರಿಹೋದ ಮಕ್ಕಳ ಮೈಮೇಲೆ ಗಂಟೆಗಟ್ಟಲೆ ಉಪ್ಪು ಸುರಿದು ಕಾದಿದ್ದಾರೆ. ತಲೆಕೆಳಗೆ ಹಿಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಬರುತ್ತದೆ, ಉಸಿರು ಕೊಡಬೇಕಾದ ನಿಮಿಷಗಳೂ ಹೋಗುತ್ತವೆ. ಹೊಟ್ಟೆ ಒತ್ತಬೇಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಿ, ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಎದೆ ಏಳುವಷ್ಟು ಮಾತ್ರ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು, ಮತ್ತೆ 30. ಕೂಸಿಗೆ ಸುಮಾರು 4 ಸೆಂ.ಮೀ. ಆಳ, ದೊಡ್ಡ ಮಗುವಿಗೆ 5. ನಿಮಿಷಕ್ಕೆ 100ರಿಂದ 120 ವೇಗ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಸದಸ್ಯರು, ರಾಯಚೂರು: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಜೋರು ಯಾಕೆ?

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ: ಜೋರು ಮಾಡದಿದ್ರೆ ನಾಳೆ ಇನ್ನೊಂದು ಗುಂಪಿಗೆ ಹಾಕ್ತೀರಿ. ಮೊದಲು ಅಳಿಸಿ.

ಹಿರಿಯ ಸದಸ್ಯರು, ತೀರ್ಥಹಳ್ಳಿ: ಉಪ್ಪಿನ ಮಾತು ನಾನೂ ಒಪ್ಪಲ್ಲ. ಆದರೆ ನೀರು ಕಕ್ಕಿಸಬೇಕಲ್ಲ?

ಕೋಚ್: ಕಕ್ಕಿಸಬಾರದು ಸರ್. ತಾನಾಗಿ ವಾಂತಿಯಾದರೆ ಮಗ್ಗುಲಿಗೆ ತಿರುಗಿಸಿ ಬಾಯಿ ಒರೆಸಿ, ಮತ್ತೆ ಮುಂದುವರಿಸಿ.

ಎಂಟು ತಿಂಗಳ ಮಗನ ತಾಯಿ, ಹಾಸನ: ನೀರು ಎಷ್ಟು ಡಿಗ್ರಿ ಅಂದ್ರಿ?

ಕೋಚ್: ಮೇಲಿಂದ ಓದಿ.

ನಿರ್ವಾಹಕರು: ರಾಯಚೂರಿನವರ ಸಂದೇಶ ತೆಗೆದಿದ್ದೇವೆ. ಹೊಸ ಪ್ರಶ್ನೆ ಇನ್ನು ಬೇಡ, ಸಮಯ ಆಯಿತು.

ಹತ್ತು ತಿಂಗಳ ಮಗನ ತಂದೆ, ಹುಬ್ಬಳ್ಳಿ: ಆಸ್ಪತ್ರ್ಯಾಗ ಅದೀವ್ರಿ ಮೇಡಂ. ಸೋಡಿಯಂ 124 ಬಂದೈತಿ, ಕಡಿಮಿ ಐತಂತ. ಒಳಗ ತಗೊಂಡು ಡ್ರಿಪ್ ಹಾಕ್ಯಾರ. ಫಿಟ್ಸ್ ಬಂದಿಲ್ಲ. ಈಗ ಅವ್ವ ಬಾಟ್ಲಿ ತಂದು ನೀರು ಕುಡಿಸು ಅಂತ ಕುಂತಾಳ.

ಕೋಚ್: ಒಳ್ಳೇ ಕೆಲಸ ಮಾಡಿದಿರಿ. ಆ ಬಾಟಲಿ ಅಮ್ಮನ ಕೈಯಿಂದ ತೆಗೆದುಕೊಳ್ಳಿ. ವೈದ್ಯರು ಹೇಳುವವರೆಗೆ ಬಾಯಿಗೆ ಏನೂ ಬೇಡ, ಹಾಲು ಕೊಡಬಹುದೇ ಅನ್ನುವುದನ್ನೂ ಅವರನ್ನೇ ಕೇಳಿ. ಸೋಡಿಯಂ ಒಂದೇ ಸಲಕ್ಕೆ ಏರಿಸುವುದಿಲ್ಲ, ನಿಧಾನವಾಗಿ ಏರಿಸುತ್ತಾರೆ, ಆದ್ದರಿಂದ ಯಾಕೆ ತಡ ಅಂತ ಗಾಬರಿ ಬೀಳಬೇಡಿ. ನಾನು ಆನ್‌ಲೈನ್‌ನಲ್ಲೇ ಇರುತ್ತೇನೆ. ಮುಂದಿನ ರೀಡಿಂಗ್ ಬಂದಾಗ ಬರೆಯಿರಿ.