ಬೆನ್ನುಮೂಳೆ ಟಿ.ಬಿ.ಗೆ ಆಪರೇಷನ್: ಮುಂದಿನಿಂದಲೋ, ಹಿಂದಿನಿಂದಲೋ, ಬೇಡವೇ ಬೇಡವೋ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಅಮ್ಮನಿಗೆ 54 ವರ್ಷ. ನಾಲ್ಕು ತಿಂಗಳಿಂದ ಬೆನ್ನುನೋವು. ಎಣ್ಣೆ ತಿಕ್ಕಿಸಿದ್ದಾಯಿತು, ನೋವಿನ ಮಾತ್ರೆಯೂ ಆಯಿತು. ಕೊನೆಗೆ ಎಂಆರ್‌ಐ ಮಾಡಿಸಿದರೆ ಎದೆಯ ಹಿಂಭಾಗದ ಡಿ9, ಡಿ10 ಬೆನ್ನುಮೂಳೆ ಸವೆದಿದೆ, ಪಕ್ಕದಲ್ಲಿ ಕೀವು ಇದೆ ಅಂದರು. ಸೂಜಿ ಹಾಕಿ ತೆಗೆದ ಸ್ಯಾಂಪಲ್‌ನಲ್ಲಿ ಟಿ.ಬಿ. ಅಂತ ಬಂತು. ಮಾತ್ರೆ ಶುರುವಾಗಿ ಮೂರು ವಾರ. ನಡೆಯುತ್ತಾರೆ, ಆದರೆ ಹತ್ತು ದಿನದಿಂದ ಕಾಲಿನ ಚಪ್ಪಲಿ ಜಾರಿ ಹೋದದ್ದೇ ಗೊತ್ತಾಗುವುದಿಲ್ಲ ಅಂತಾರೆ. ಒಬ್ಬ ಸರ್ಜನ್ ಎದೆ ತೆರೆದು ಮುಂದಿನಿಂದ ಮಾಡಬೇಕು ಅಂದರು. ಇನ್ನೊಬ್ಬರು ಹಿಂದಿನಿಂದ ಸ್ಕ್ರೂ ಹಾಕಿದರೆ ಆಯಿತು ಅಂದರು. ಮೂರನೆಯವರು ಮಾತ್ರೆಯೇ ಸಾಕು ಅಂದರು. ಯಾರ ಮಾತು ಕೇಳುವುದು?

ಉತ್ತರ (ಬೆನ್ನುಮೂಳೆ ಸರ್ಜನ್): ಮೊದಲು ಚಪ್ಪಲಿ ವಿಷಯ. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮುಖ್ಯ. ಬೆನ್ನುಹುರಿ ಅದುಮಿದಾಗ ಹೀಗಾಗುತ್ತದೆ. ನಾಳೆಯೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಕಾಲು ಸೆಟೆದುಕೊಂಡರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಬೆಳಗಾಗುವ ತನಕ ಕಾಯಬೇಡಿ.

ಇನ್ನು ಮೂರು ಅಭಿಪ್ರಾಯ. ಮೂವರೂ ಸರಿ ಇರಬಹುದು, ಅಮ್ಮನನ್ನು ನೋಡಿದ ದಿನ ಬೇರೆ ಬೇರೆ ಅಷ್ಟೆ. ಟಿ.ಬಿ. ವಾಸಿಮಾಡುವುದು ಮಾತ್ರೆ, ಚಾಕು ಅಲ್ಲ. ಆಪರೇಷನ್ ಮಾಡುವುದು ಹುರಿಯ ಮೇಲಿನ ಒತ್ತಡ ತೆಗೆಯಲು, ಅಲುಗಾಡುವ ಮೂಳೆ ನಿಲ್ಲಿಸಲು, ಗೂನು ತಡೆಯಲು.

ಸ್ವಲ್ಪ ಹಿಂದಿನ ಕಥೆ ಹೇಳಿದರೆ ಈ ಗೊಂದಲ ಅರ್ಥವಾಗುತ್ತದೆ. ಔಷಧಿ ಇಲ್ಲದ ಕಾಲದಲ್ಲಿ, 1911ರಲ್ಲಿ, ಅಮೆರಿಕದ ಸರ್ಜನ್‌ಗಳಾದ ಹಿಬ್ಸ್ ಮತ್ತು ಆಲ್ಬಿ ಬೆನ್ನಿನ ಹಿಂಭಾಗದ ಮೂಳೆಗಳನ್ನು ಒಂದಕ್ಕೊಂದು ಬೆಸೆದರು. ಆದರೆ ಈ ಕಾಯಿಲೆ ಹೆಚ್ಚಾಗಿ ಕೂರುವುದು ಮುಂಭಾಗದಲ್ಲಿ. ಅದನ್ನು ಅವರು ಮುಟ್ಟಿರಲಿಲ್ಲ. 1956ರಲ್ಲಿ ಹಾಂಗ್‌ಕಾಂಗ್‌ನ ಹಾಜ್‌ಸನ್ ಮತ್ತು ಸ್ಟಾಕ್ ಮುಂದಿನಿಂದಲೇ ಹೋದ ಕೆಲಸವನ್ನು ವರದಿ ಮಾಡಿದರು. ಕೀವು, ಸತ್ತ ಮೂಳೆ ಎಲ್ಲ ತೆಗೆದು, ದಾರಿಗೆ ಅಡ್ಡ ಬಂದ ಪಕ್ಕೆಲುಬನ್ನೇ ಕಂಬದ ಹಾಗೆ ನಿಲ್ಲಿಸಿದರು. ಇವತ್ತಿಗೂ ಅದಕ್ಕೆ ಹಾಂಗ್‌ಕಾಂಗ್ ಆಪರೇಷನ್ ಅಂತಲೇ ಹೆಸರು.

ಆಮೇಲೆ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕೊರಿಯಾ, ಹಾಂಗ್‌ಕಾಂಗ್, ರೊಡೇಶಿಯಾ (ಇಂದಿನ ಜಿಂಬಾಬ್ವೆ), ಮದ್ರಾಸಿನಲ್ಲಿ ವರ್ಷಗಟ್ಟಲೆ ಹೋಲಿಸಿ ನೋಡಿತು. ಬರೀ ಮಾತ್ರೆಯಲ್ಲೂ ಬಹುಪಾಲು ಜನ ವಾಸಿಯಾದರು. ಹಾಂಗ್‌ಕಾಂಗ್ ಆಪರೇಷನ್ನಿನ ದೊಡ್ಡ ಲಾಭ ಅಂದರೆ ಗೂನು ಕಡಿಮೆ. ಒಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ: ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯಲಾಗದಷ್ಟು ಕಾಲು ಸೋತವರನ್ನು ಆ ಅಧ್ಯಯನಗಳಿಗೆ ಸೇರಿಸಿರಲಿಲ್ಲ. ಅದಕ್ಕೇ 'ಮಾತ್ರೆಯೇ ಸಾಕು' ಅನ್ನುವ ಮಾತು ಎಲ್ಲರಿಗೂ ಹೊಂದುವುದಿಲ್ಲ. ನಮ್ಮಲ್ಲಿ ವಾರಾಣಸಿಯ ಸರ್ಜನ್ ತುಲಿಯವರು 1975ರಲ್ಲಿ ಬರೆದ 'ಮಧ್ಯಮ ಮಾರ್ಗ' ನನಗೆ ಇಂದಿಗೂ ಇಷ್ಟ. ಮೊದಲು ಮಾತ್ರೆ, ವಿಶ್ರಾಂತಿ. ಮೂರ್ನಾಲ್ಕು ವಾರದಲ್ಲಿ ನರದ ಬಲ ಸುಧಾರಿಸದಿದ್ದರೆ, ಅಥವಾ ನಡುವೆಯೇ ಕುಸಿದರೆ, ಆಪರೇಷನ್. ನಿಮ್ಮ ಅಮ್ಮನಿಗೆ ಚಪ್ಪಲಿ ಜಾರತೊಡಗಿದ್ದು ಮಾತ್ರೆ ನುಂಗುತ್ತಿರುವಾಗಲೇ, ಅಲ್ವಾ?

ಪ್ರಶ್ನೆ: ಹೌದು ಸರ್. ನಾಳೆ ಬೆಳಿಗ್ಗೆಯೇ ಹೊರಡುತ್ತೇವೆ. ಆದರೆ ಮುಂದಿನಿಂದಲೋ, ಹಿಂದಿನಿಂದಲೋ?

ಉತ್ತರ: ಮುಂದಿನಿಂದ ಹೋದರೆ ಕೀವು, ಕೊಳೆತ ಮೂಳೆ ಎದುರಿಗೇ ಸಿಗುತ್ತದೆ. ಅದೇ ಅದರ ಹೆಚ್ಚುಗಾರಿಕೆ. ಆದರೆ ಎದೆ ತೆರೆಯಬೇಕು, ಶ್ವಾಸಕೋಶ ಪಕ್ಕಕ್ಕೆ ಸರಿಸಬೇಕು, ಆಮೇಲೆ ಎದೆಗೆ ಟ್ಯೂಬ್. ಹಳೆಯ ಶ್ವಾಸಕೋಶದ ಟಿ.ಬಿ. ಇದ್ದವರಿಗೆ ಇದು ಕಷ್ಟ. ಇಟ್ಟ ಮೂಳೆಕಂಬ ಉದ್ದವಾದಷ್ಟೂ ಜಾರುವ, ಮುರಿಯುವ ಭಯ ಜಾಸ್ತಿ. ಹಾಗಾಗಿ ಎಷ್ಟೋ ಸಲ ಹಿಂದಿನಿಂದ ಸ್ಕ್ರೂ ಕೂಡ ಹಾಕಬೇಕಾಗುತ್ತದೆ. ಅಂದರೆ ಎರಡೆರಡು ಗಾಯ.

ಹಿಂದಿನಿಂದ ಹೋದರೆ ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ, ಗೂನನ್ನೂ ನೆಟ್ಟಗೆ ಮಾಡಬಹುದು. ಪಕ್ಕೆಲುಬಿನ ಬುಡ ತೆಗೆದು ಓರೆಯಾಗಿ ಹೋದರೆ ಮುಂದಿನ ಕೀವೂ ಕೈಗೆ ಸಿಗುತ್ತದೆ. ಎರಡೂ ಕಡೆಯಿಂದ ಮಾಡುವುದಕ್ಕೆ ಹೋಲಿಸಿದರೆ ಇದರಲ್ಲಿ ರಕ್ತನಷ್ಟ ಕಡಿಮೆ, ಸಮಯವೂ ಕಡಿಮೆ. ನರ ಚೇತರಿಸಿಕೊಳ್ಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಡಿ9, ಡಿ10 ಅಂದಮೇಲೆ, ಫಿಲ್ಮ್ ನೋಡದೆ ಹೇಳುವುದಾದರೆ, ನಾನೂ ಹಿಂದಿನ ದಾರಿಯನ್ನೇ ಹಿಡಿಯುತ್ತೇನೆ.

ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: 'ಬರೀ ಲ್ಯಾಮಿನೆಕ್ಟಮಿ ಮಾಡುತ್ತೀರಾ?' ಅಂದರೆ ಹುರಿಯ ಹಿಂದಿನ ಮೂಳೆಯನ್ನಷ್ಟೇ ತೆಗೆಯುವುದು. ಮುಂದಿನ ಮೂಳೆ ಕಾಯಿಲೆಯಿಂದ ಹೋಗಿದೆ. ಸ್ಕ್ರೂ, ರಾಡ್ ಹಾಕದೆ ಹಿಂದಿನ ಗಟ್ಟಿ ಮೂಳೆಯನ್ನೂ ತೆಗೆದರೆ ಬೆನ್ನು ನಿಲ್ಲುವುದು ಯಾವುದರ ಮೇಲೆ?

ಇನ್ನೊಬ್ಬ ಸದಸ್ಯರು: ಕೀವು ಇರುವ ಕಡೆ ಕಬ್ಬಿಣ ಹಾಕಿದರೆ ಇನ್ನೂ ಕೀವಾಗಲ್ವಾ?

ಉತ್ತರ: ಕಬ್ಬಿಣ ಅಲ್ಲ, ಹೆಚ್ಚಾಗಿ ಟೈಟಾನಿಯಂ. ಬೇರೆ ಕೀವಿನ ಕಾಯಿಲೆಯಾಗಿದ್ದರೆ ನಿಮ್ಮ ಹೆದರಿಕೆ ಸರಿ. ಸ್ಟ್ಯಾಫಿಲೊಕಾಕಸ್ ಅನ್ನುವ ಕೀವಿನ ರೋಗಾಣು ಲೋಹಕ್ಕೆ ಪಾಚಿಯಂತೆ ಅಂಟುತ್ತದೆ. ಟಿ.ಬಿ. ರೋಗಾಣು ಅಷ್ಟು ಅಂಟುವುದಿಲ್ಲ. ಔಷಧಿ ಸರಿಯಾಗಿ ನಡೆಯುತ್ತಿರಬೇಕು ಅಷ್ಟೆ.

ಮತ್ತೊಬ್ಬ ಸದಸ್ಯರು: ನನ್ನ ಮಗನಿಗೆ 7 ವರ್ಷ. ಕೋರ್ಸ್ ಮುಗಿದು ಟಿ.ಬಿ. ವಾಸಿ ಅಂದಿದ್ದಾರೆ. ಬೆನ್ನು ಸ್ವಲ್ಪ ಉಬ್ಬಿದೆ. ಸುಮ್ನೆ ಬಿಡಬಹುದಾ?

ಉತ್ತರ: ಬಿಡಬೇಡಿ. ದೊಡ್ಡವರಲ್ಲಿ ಕಾಯಿಲೆ ನಿಂತ ಮೇಲೆ ಗೂನು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ಬೆಳೆಯುತ್ತಾರಲ್ಲ, ಹಿಂಭಾಗ ಬೆಳೆದು ಮುಂಭಾಗ ಬೆಳೆಯದೆ ಉಳಿದರೆ ವಾಸಿಯಾದ ಮೇಲೂ ಬಾಗುತ್ತಾ ಹೋಗುತ್ತದೆ. ಕೊಯಮತ್ತೂರಿನ ಡಾ. ರಾಜಶೇಖರನ್ ಇದನ್ನು ಮೊದಲೇ ಗುರುತಿಸಲು ಎಕ್ಸ್‌ರೇಯಲ್ಲಿ ನಾಲ್ಕು ಲಕ್ಷಣ ಹೇಳಿದ್ದಾರೆ: ಹಿಂದಿನ ಕೀಲು ಬಿಡುವುದು, ಮೂಳೆ ಹಿಂದಕ್ಕೆ ಸರಿಯುವುದು, ಪಕ್ಕಕ್ಕೆ ಜಾರುವುದು, ಮೇಲಿನದು ಕೆಳಗಿನದರ ಮೇಲೆ ಮಗುಚುವುದು. ಬೆಳವಣಿಗೆ ನಿಲ್ಲುವ ತನಕ ನಿಯಮಿತವಾಗಿ ಎಕ್ಸ್‌ರೇ ಮಾಡಿಸಿ. ಈ ಲಕ್ಷಣ ಕಂಡರೆ ಬೇಗ ಮಾಡುವ ಚಿಕ್ಕ ಆಪರೇಷನ್ನೇ ಮೇಲು. ಗೂನು ಪೂರ್ತಿ ಬಲಿತ ಮೇಲೆ ನೆಟ್ಟಗೆ ಮಾಡಲು ಹೋದರೆ ಹುರಿಗೇ ಅಪಾಯ.

ಪ್ರಶ್ನೆ (ಮೊದಲು ಕೇಳಿದವರು, ಎರಡು ದಿನದ ನಂತರ): ಅಡ್ಮಿಟ್ ಮಾಡಿದ್ದೇವೆ. ಹಿಂದಿನಿಂದಲೇ ಮಾಡ್ತಾರಂತೆ. ಲ್ಯಾಮಿನೆಕ್ಟಮಿ ಪ್ರಶ್ನೆ ಕೇಳಿದ್ದಕ್ಕೆ ಸರ್ಜನ್ ನಕ್ಕು ಚಿತ್ರ ಬರೆದು ತೋರಿಸಿದರು. ಆಪರೇಷನ್ ಆದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಖಂಡಿತ ಇಲ್ಲ. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ ಒಟ್ಟು 12 ತಿಂಗಳು, ಬೇಕಾದರೆ 18. ಸರ್ಕಾರದಿಂದ ಮಾತ್ರೆ ಉಚಿತ, ಸರ್ಕಾರದ ಟಿ.ಬಿ. ನೋಂದಣಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ಇದ್ದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಕೂಡ ಬರುತ್ತದೆ. ಆಪರೇಷನ್ ದಿನ ಬೆಳಗಿನ ಡೋಸ್ ಯಾವಾಗ ಕೊಡಬೇಕು ಅಂತ ಅರಿವಳಿಕೆ ಡಾಕ್ಟರನ್ನು ಇವತ್ತೇ ಕೇಳಿಟ್ಟುಕೊಳ್ಳಿ.